ಒಂದು ಕ್ಯಾನ್ ಜೀವಾಣಿ

೨೦೨೪ರ ಏಪ್ರಿಲ್ ೧೮, ಗುರುವಾರ, ಬೆಳಗಿನ ಐದು ಗಂಟೆ ನಲವತ್ತು ನಿಮಿಷ. ನೇಮಗೊಂಡವಾಡಿಯ ಚೌಗುಲೆಯವರ ಮನೆಯ ನಳ ಮೊದಲು ಕೆಮ್ಮಿತು, ಆಮೇಲೆ ಬುಸ್ಸೆಂದು ಗಾಳಿ ಬಿಟ್ಟಿತು.

"ಬಂತು! ಬಂತ್ ನೋಡ್ರೀ, ಏಳ್ರೀ ಎಲ್ಲಾರೂ!" ಎಂದು ಪ್ರಿಯದರ್ಶನಿ ಕೂಗಿದಳು.

ಇಚಲಕರಂಜಿ ಮತ್ತು ಯಡ್ರಾವದ ನಡುವಿನ ಈ ಊರಿಗೆ ಆ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ, ಒಂದೇ ತಾಸು ನೀರು. ಆ ಒಂದು ತಾಸು ಮನೆಯಲ್ಲಿ ಯಾರೂ ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ಪ್ರಿಯದರ್ಶನಿ ಬ್ಯಾರಲ್ಲು ತುಂಬಿದಳು. ಅವಳ ಗಂಡ ಮಹಾವೀರ ಕೊಡ ಹೊತ್ತ. ಮಗ ಅಭಿಜಿತ ಮೇಲಿನ ಟಾಕಿಗೆ ಪೈಪು ಹಚ್ಚಿದ. ಕೊಲ್ಹಾಪುರದ ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರದ ಕೊನೆಯ ವರ್ಷ ಓದುತ್ತಿದ್ದ ಮಗಳು ಮನಾಲಿ ಒಂದು ಕೈಯಲ್ಲಿ ಹಲ್ಲುಜ್ಜುತ್ತ ಇನ್ನೊಂದು ಕೈಯಲ್ಲಿ ಬಕೆಟು ಸರಿಸಿದಳು.

ಓಡದೆ ಕೂತವಳು ಒಬ್ಬಳೇ, ಮಹಾವೀರನ ತಾಯಿ ಶಾಲನ. ಜೈನರ ಹಳೆಯ ಪದ್ಧತಿಯಂತೆ ಅವಳು ತಾಮ್ರದ ಹಂಡೆಯ ಬಾಯಿಗೆ ದಪ್ಪ ಬಿಳಿ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಕಟ್ಟಿ, ಕುದಿಸಿ ಕುಡಿಯುವ ನೀರನ್ನು ಒಂದೊಂದೇ ತಂಬಿಗೆ ಸೋಸುತ್ತಿದ್ದಳು. ಸೋಸಿದ ಮೇಲೆ ಬಟ್ಟೆಯನ್ನು ಹಿಂಡುವಂತಿಲ್ಲ. ಅದನ್ನು ಮೆಲ್ಲಗೆ ತಿರುವಿ, ಸೋಸಿದ ನೀರನ್ನೇ ಸ್ವಲ್ಪ ಹೊಯ್ದು, ಬಟ್ಟೆಗೆ ಅಂಟಿಕೊಂಡ ಕಣ್ಣಿಗೆ ಕಾಣದ ಜೀವಗಳನ್ನು ಒಂದು ಪಾತ್ರೆಗೆ ಇಳಿಸಬೇಕು. ಆ ನೀರೇ ಜೀವಾಣಿ. ಅದು ಯಾವ ನೀರಿನಿಂದ ಬಂತೋ ಆ ನೀರಿಗೇ ಹಿಂದಿರುಗಬೇಕು. ಬಾವಿಯದು ಬಾವಿಗೆ, ಹೊಳೆಯದು ಹೊಳೆಗೆ. ನಳದ ನೀರು ಪಂಚಗಂಗೆಯದು, ಹಾಗಾಗಿ ನಳ ಬಂದ ದಿನವೆಲ್ಲ ಅಭಿಜಿತ ಐದು ಲೀಟರಿನ ಕ್ಯಾನನ್ನು ಬೈಕಿಗೆ ಸಿಕ್ಕಿಸಿಕೊಂಡು ಹೊಳೆಗೆ ಹೋಗುತ್ತಿದ್ದ.

"ಅಭ್ಯಾ, ಕ್ಯಾನ್ ತುಂಬೇತಿ. ಹಾದ್ಯಾಗ ಚೆಲ್ಲಬ್ಯಾಡ," ಎಂದಳು ಶಾಲನ ಮೊಮ್ಮಗನಿಗೆ.

"ಆಯಿ, ಊರಾಗ ನೀರಿಲ್ಲ, ನಾವು ಹೊಳಿಗೆ ನೀರ ಒಯ್ತೇವಿ. ಮಂದಿ ನಗತಾರ."

"ನಕ್ಕರ ನಗಲಿ. ನಗೋದಕ್ಕ ನೀರು ಬೇಕಾಗೂದಿಲ್ಲ."

ಅಭಿಜಿತ ನಗುತ್ತಲೇ ಹೊರಟ. ಆ ವಾರವಷ್ಟೇ ಪಂಚಾಯ್ತಿ ಹಚ್ಚಿದ್ದ ಹೊಸ ನಿಯಮಗಳ ಫಲಕ ಅವನಿಗೆ ನೆನಪಾಗಲಿಲ್ಲ. ಅಂಗಳಕ್ಕೆ ಪೈಪಿನಿಂದ ನೀರು ಹೊಡೆಯಬಾರದು, ಗಾಡಿ ತೊಳೆಯಬಾರದು, ಯಾರ ನಳವೂ ಸೋರಬಾರದು, ಪಂಚಾಯ್ತಿಯ ನೀರನ್ನು ಊರ ಹೊರಗೆ ಸಾಗಿಸಬಾರದು. ಒಮ್ಮೆ ತಪ್ಪಿದರೆ ನೋಟೀಸು. ಎರಡನೇ ಸಲ ತಪ್ಪಿದರೆ ಮಳೆ ಬರುವ ತನಕ ನಳ ಕಟ್.

ಇದನ್ನು ನೋಡಿಕೊಳ್ಳಲು ನೇಮಿಸಿದ್ದ ತಪಾಸಣೆಯ ತಂಡದ ಮುಖ್ಯಸ್ಥ ತಾತ್ಯಾಸಾಹೇಬ. ಕೊರಳಲ್ಲಿ ಸೀಟಿ, ಕೈಯಲ್ಲಿ ರಸೀದಿ ಪುಸ್ತಕ. ಊರ ಬಾಗಿಲಲ್ಲಿ ನಿಂತಿದ್ದವನು ಕ್ಯಾನು ಕಂಡದ್ದೇ ಸೀಟಿ ಊದಿದ.

"ಥಾಂಬ್! ನಿಲ್ಲು! ಕುಠೆ ಚಾಲ್ಲಾಸ, ಎಲ್ಲಿಗೆ ಹೊಂಟೀ? ಕ್ಯಾನ್ಯಾಗ ಏನೈತಿ?"

"ಜೀವಾಣಿ ಐತ್ರಿ."

ಮರಾಠಿಯಲ್ಲಿ ಜಿವಾಣೂ ಎಂದರೆ ರೋಗಾಣು. ತಾತ್ಯಾಸಾಹೇಬನ ಮನೆಮಾತು ಮರಾಠಿ. ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಜಿವಾಣೂ? ಐದು ಲೀಟರ್ ಜಿವಾಣೂ? ಎಲ್ಲಿಗೆ ಒಯ್ಯಾಕತ್ತೀ?"

"ಹೊಳಿಗ್ರಿ. ಬಿಟ್ಟು ಬರಾಕ."

"ಅರೇ ದೇವಾ! ನಾವು ಕುಡಿಯೂ ಹೊಳಿಗೆ! ಇಡೀ ಊರಿಗೆ ಜುಲಾಬ್ ಹಚ್ಚಾಕ ಹೊಂಟೀಯೇನಲೇ?"

ಚಹದಂಗಡಿಯವರೆಲ್ಲ ಎದ್ದು ಬಂದರು. ತಾತ್ಯಾಸಾಹೇಬ ಧೈರ್ಯ ಮಾಡಿ ಮುಚ್ಚಳ ತೆಗೆದ, ದೂರದಿಂದ ಮೂಸಿದ, ಬಗ್ಗಿ ನೋಡಿದ. "ಇದು ನೀರು ಐತಿ!"

"ನೀರ ಐತ್ರಿ. ಆದ್ರ ಅದರಾಗ ಜೀವಾಣಿ ಐತಿ."

"ನೋಡು, ನೀರು ಅಂದ್ರ ಸಾಗಣೆ ಗುನ್ನೆ. ಜಿವಾಣೂ ಅಂದ್ರ ಅದಕ್ಕಿಂತ ದೊಡ್ಡ ಗುನ್ನೆ. ಯಾವುದು ಬರೀಲಿ, ನೀನ ಹೇಳು."

ಅಭಿಜಿತ ಯೋಚಿಸಿ ಹೇಳಿದ, "ಸಣ್ಣದು ಬರೀರಿ."

*

ಚೌಗುಲೆಯವರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಸಂಜೆಯ ಊಟ. ಅಂದು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಮತ್ತು ತಾಟಿನ ಪಕ್ಕದಲ್ಲಿ ನೋಟೀಸು.

"ಹೊಳಿಗೆ ನೀರು ಹೊತ್ತು ಹಾಕೋ ಮನಿ ಅಂತ ಯಡ್ರಾವದ ತನಕ ಹೆಸರಾಗೇತಿ," ಎಂದ ಮಹಾವೀರ. ಅವನು ಮನೆಯ ಹಿಂದಿನ ಶೆಡ್ಡಿನಲ್ಲಿ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಮಗ್ಗದ ಸಪ್ಪಳದಲ್ಲಿ ಮಾತಾಡಿ ರೂಢಿಯಾಗಿ ಊಟದಲ್ಲೂ ಒದರುತ್ತಿದ್ದ. "ನೂಲಿನ ವ್ಯಾಪಾರಿ ಫೋನ್ ಮಾಡಿ ಕೇಳ್ತಾನ, ಚೌಗುಲೆ, ಸಮುದ್ರಕ್ಕ ಯಾವಾಗ ಹೊಂಟೀರಿ ಅಂತ!"

ಅಭಿಜಿತ ಬಾಯೊಳಗಿನ ರೊಟ್ಟಿ ಉಗುಳುವಷ್ಟು ನಕ್ಕ.

"ನಗಬ್ಯಾಡಲೇ. ಇನ್ನೊಂದು ತಪ್ಪಾದ್ರ ನಳ ಹೋತು. ಅವ್ವಾ, ನಾಳಿಂದ ಕ್ಯಾನ್ ಬಂದ್. ಗಿಡಕ್ಕ ಹಾಕು."

"ಮೀನಾ ತಂದು ಗಿಡಕ್ಕ ಹಾಕ್ತಾರೇನು?" ಎಂದಳು ಶಾಲನ. "ನೀರಾಗಿನ ಜೀವ ನೀರಿಗೆ. ನಾ ಈ ಮನಿಗೆ ಬಂದಾಗಿಂದ ಹಿಂಗ ಮಾಡೇನಿ."

"ಆವಾಗ ಅಂಗಳದಾಗ ಬಾವಿ ಇತ್ತು. ಈಗ ಅದರ ಮ್ಯಾಲ ಮಗ್ಗ ಅದಾವ."

"ಹಂಗಾರ ನಾ ಮಹಾಗಾಂವಕ್ಕ ಹೋಗ್ತೇನಿ. ತಮ್ಮನ ಹಿತ್ತಲದಾಗ ಬಾವಿ ಐತಿ. ಮಳಿ ಬಂದ ಮ್ಯಾಲ ಕರಿಯಾಕ ಬರ್ರಿ. ಬರದಿದ್ರೂ ನಡೀತೈತಿ."

ಮಹಾವೀರನ ಕೈಯ ತುತ್ತು ಅಲ್ಲೇ ನಿಂತಿತು. ಅತ್ತೆ ಆಡಿದ್ದು ಮಾಡುವವಳೆಂದು ಪ್ರಿಯದರ್ಶನಿಗೆ ಗೊತ್ತಿತ್ತು. ಅವಳು ಬೇಗ ಬೇಗ ರೊಟ್ಟಿ ಬಡಿಸಿದಳು.

"ಅತ್ತೀ, ಮಹಾಗಾಂವ ಯಾಕ್ರಿ? ಗಡಹಿಂಗ್ಲಜದಾಗ ನಮ್ಮಪ್ಪನ ಮನಿ ಬಾವಿ ಐತಿ. ನಮ್ಮ ಅಣ್ಣ ದಿನಾ ಎಸ್‌ಟಿ ಬಸ್ಸಿಗೆ ಒಂದು ಕೊಡ ಇಡ್ತಾನ."

"ಮತ್ತ ಅದರ ಜೀವಾಣಿ?" ಎಂದ ಅಭಿಜಿತ. "ಅದು ಸಂಜಿ ಬಸ್ಸಿಗೆ ಹೊಳ್ಳಿ ಗಡಹಿಂಗ್ಲಜಕ್ಕ. ಬರೂದಕ್ಕೊಂದು ಟಿಕೀಟು, ಹೋಗೂದಕ್ಕೊಂದು ಟಿಕೀಟು!"

ಈ ಸಲ ಶಾಲನಳೂ ನಕ್ಕಳು. ಆದರೆ ನಕ್ಕ ಮೇಲೂ ಒಳಗೆ ಹೋಗಿ ಟ್ರಂಕು ಎಳೆದಳು.

ಆಗ ಮನಾಲಿ ಹೇಳಿದಳು, "ಆಯಿ, ಒಂದು ಪೈಜ್ ಕಟ್ಟೋಣು. ಪಂಚಾಯ್ತಿ ಟಾಕ್ಯಾಗ ಬ್ಲೀಚಿಂಗ್ ಪೌಡರ್ ಹಾಕ್ತಾರ. ನಮ್ಮ ನಳಕ್ಕ ಬರೂದ್ರಾಗ ಒಂದು ಜೀವನೂ ಉಳಿದಿರೂದಿಲ್ಲ. ನೀ ಸತ್ತಾವನ್ನ ಹೊಳಿಗೆ ಬಿಡಾಕತ್ತೀ."

"ಸತ್ತಾವೋ ಬದುಕ್ಯಾವೋ, ನೀ ನೋಡೀಯೇನ?"

"ನೋಡೋಣ ನಡಿ. ನಮ್ಮ ಕಾಲೇಜಿನ್ಯಾಗ ಸೂಕ್ಷ್ಮದರ್ಶಕ ಐತಿ. ಒಂದು ಜೀವ ಕಾಣಲಿಲ್ಲಂದ್ರ ಮುಂದ ಗಿಡಕ್ಕ ಹಾಕೋದು. ಕಂಡ್ರ, ನಾನ ಪಂಚಾಯ್ತಿಗೆ ಹೋಗಿ ಕ್ಯಾನಿಗೆ ಪರವಾನಗಿ ತರ್ತೇನಿ."

ಟ್ರಂಕಿನ ಸದ್ದು ನಿಂತಿತು. "ಎಂದ ಹೋಗೂದು?" ಎಂದಿತು ಒಳಗಿನ ದನಿ.

*

ಮುಂದಿನ ನೀರಿನ ದಿನ ಭಾನುವಾರ, ಕಾಲೇಜಿಗೆ ರಜೆ. ಅದರ ಮುಂದಿನ ನೀರಿನ ದಿನ ಅಜ್ಜಿ ಮೊಮ್ಮಗಳು ಕೊಲ್ಹಾಪುರದ ಬಸ್ಸು ಹತ್ತಿದರು. ಜೀವಾಣಿಯ ಬಾಟಲಿಯನ್ನು ಶಾಲನ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ಬಸ್ಸು ಕುಲುಕಿದಾಗೆಲ್ಲ ಡ್ರೈವರನಿಗೆ, "ಸಾವಕಾಶ ರೇ ಬಾಬಾ, ಒಳಗ ಮಂದಿ ಅದಾರ," ಎನ್ನುತ್ತಿದ್ದಳು.

ಪ್ರಯೋಗಶಾಲೆಯಲ್ಲಿ ಪ್ರಾಧ್ಯಾಪಕರ ಅನುಮತಿ ಪಡೆದು ಮನಾಲಿ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟಳು. ಮೊದಲು ತಾನೇ ನೋಡಿದಳು. ನೋಡಿದವಳು ತಲೆ ಎತ್ತಲೇ ಇಲ್ಲ.

"ಏನಾತ? ಸರಿ ಅತ್ತಾಗ."

ಶಾಲನ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಇನ್ನೊಂದನ್ನು ನಳಿಕೆಗೆ ಹಚ್ಚಿದಳು. ಸ್ವಲ್ಪ ಹೊತ್ತು ಬರೀ ಬೆಳಕು. ಆಮೇಲೆ ಪ್ರಯೋಗಶಾಲೆಯೆಲ್ಲ ತಿರುಗಿ ನೋಡುವಂತೆ ಕೂಗಿದಳು.

"ಅಯ್ಯಯ್ಯ! ಓಡಾಕತ್ತೈತಿ! ಮನಾಲಿ, ತಲಿಮ್ಯಾಲ ಎರಡು ಗಾಲಿ ಅದಾವ! ಗರಗರ ತಿರಗಾಕತ್ತಾವ! ಅಗೋ, ಇನ್ನೊಂದು ಬಂತು!"

ಹುಡುಗ ಹುಡುಗಿಯರು ಸುತ್ತ ನೆರೆದರು. ಶಾಲನ ಜಾಗ ಬಿಡಲಿಲ್ಲ.

"ಇದರ ಹೆಸರೇನ?"

"ರೋಟಿಫರ್."

"ರೊಟ್ಟಿಫರ? ಬರೋಬ್ಬರಿ ಇಟ್ಟಾರ. ರೊಟ್ಟಿ ಬಡಿಯೂವಾಗ ತಿರಗಿದಂಗ ತಿರಗತೈತಿ."

ಎಲ್ಲರೂ ನಕ್ಕರು. ನೋಡಿ ಮುಗಿದ ಮೇಲೆ ಅವಳು ಆ ಹನಿಯನ್ನು ಪಿಪೆಟ್ಟಿನಿಂದ ಬಾಟಲಿಗೆ ಮರಳಿ ಹಾಕಿಸಿ, ಗಾಜಿನ ಪಟ್ಟಿಯನ್ನೂ ತೊಳೆಸಿ ಆ ನೀರನ್ನೂ ಬಾಟಲಿಗೇ ಸೇರಿಸಿದಳು.

ಮರಳುವಾಗ ಬಸ್ಸಿನಲ್ಲಿ ಮನಾಲಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

"ಸೋತಿದ್ದಕ್ಕ ಸಿಟ್ಟೇನ?"

"ಸಿಟ್ಟಲ್ಲ ಆಯಿ. ಬ್ಲೀಚಿಂಗ್ ಇದ್ದ ನೀರಾಗ ಇಷ್ಟು ಜೀವ ಇರಬಾರದು. ಒಂದೋ ಟಾಕ್ಯಾಗ ಔಷಧ ಹಾಕಿಲ್ಲ, ಇಲ್ಲಾ ನಡುವ ಎಲ್ಯೋ ಬ್ಯಾರೆ ನೀರು ಸೇರಾಕತ್ತೈತಿ."

"ಅಂದ್ರ ಇವು ಹೊಳ್ಯಾಗಿನವು ಅಲ್ಲ?"

"ಗೊತ್ತಿಲ್ಲ. ನೋಡಬೇಕು."

ಗೊತ್ತಿಲ್ಲ ಎನ್ನುವಾಗ ಅವಳ ಕಣ್ಣು ಮಿನುಗುತ್ತಿದ್ದವು.

*

ನೀರಿನಲ್ಲಿ ಕ್ಲೋರಿನ್ ಇದ್ದರೆ ಹಳದಿ ಬಣ್ಣಕ್ಕೆ ತಿರುಗಿಸುವ ಔಷಧದ ಸಣ್ಣ ಸೀಸೆಯೊಂದನ್ನು ಮನಾಲಿ ಕಾಲೇಜಿನಿಂದ ತಂದಿದ್ದಳು. ನಳ ಬಂದ ಮುಂಜಾನೆ ಅದನ್ನು ಹಿಡಿದು ಮೊದಲು ಪಕ್ಕದ ಮನೆಯ ಚನ್ನವ್ವನ ನಳಕ್ಕೆ ಹೋದಳು. ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಔಷಧ ಬಿಟ್ಟದ್ದೇ ಹಳದಿಯಾಯಿತು.

"ಅಯ್ಯ ಶಿವನ, ನಮ್ಮ ನೀರು ಕೆಟ್ಟೈತೇನವ್ವ?" ಎಂದಳು ಚನ್ನವ್ವ.

"ಇಲ್ಲ ಚನ್ನವ್ವಕ್ಕ, ಹಳದಿ ಆದ್ರ ಚಲೋ."

"ಚಲೋ?" ಚನ್ನವ್ವ ಓಣಿಗೆಲ್ಲ ಕೇಳುವಂತೆ ಹೇಳಿದಳು, "ನಮ್ಮದು ಹಳದಿ ಆತ್ರೀ! ನಿಮ್ಮದೂ ತೋರಿಸ್ಕೋರಿ!"

ಅದೇ ಸಾಕಾಯಿತು. ಎದುರು ಮನೆಯವರು, ಮೂಲೆ ಮನೆಯವರು, ಗಿರಣಿಯವರು ತಂಬಿಗೆ ಹಿಡಿದು ಬಂದರು. ಎಲ್ಲರದೂ ಹಳದಿ. ತಮ್ಮದು ಹೆಚ್ಚು ಹಳದಿ ಎಂದು ಇಬ್ಬರು ಜಗಳವನ್ನೂ ಆಡಿದರು. ಕೊನೆಗೆ ಮನಾಲಿ ತಮ್ಮ ನಳದ ನೀರಿಗೆ ಔಷಧ ಬಿಟ್ಟಳು. ಅಲ್ಲಾಡಿಸಿದಳು, ಬೆಳಕಿಗೆ ಹಿಡಿದಳು. ನೀರು ನೀರಾಗಿಯೇ ಉಳಿಯಿತು.

"ಓಣಿ ಪೈಪು ಚಲೋ ಐತಿ. ನಮ್ಮ ಮನಿಗೆ ಬರೂ ಪೈಪ ಒಡದೈತಿ," ಎಂದಳು ಮನಾಲಿ. "ನೀರು ಬಂದಾಗ ಹೊರಗ ಸೋರತೈತಿ. ನೀರು ಬಂದ್ ಆದ ಮ್ಯಾಲ ಹೊರಗಿನ ಹೊಲಸು ಒಳಗ ಜಗ್ಗತೈತಿ, ಅದು ಬ್ಲೀಚಿಂಗ್ ಎಲ್ಲಾ ತಿಂದು ಹಾಕತೈತಿ."

"ಸೋರಿದ್ರ ಕಾಣಬೇಕಲ್ಲ," ಎಂದ ಮಹಾವೀರ.

ಪೈಪು ಬರುವುದು ಮನೆಯ ಮುಂದಿನ ಕಟ್ಟೆಯ ಕೆಳಗಿನಿಂದ. ಹೋದ ದೀಪಾವಳಿಗೆ ಮಹಾವೀರ ಗಟಾರದ ಮೇಲೆ ಸಿಮೆಂಟ್ ಹಾಸಿ, ಕಡಪಾ ಕಲ್ಲು ಕೂಡಿಸಿ, ಆರು ಮಂದಿ ಕೂರುವಂಥ ಕಟ್ಟೆ ಕಟ್ಟಿಸಿದ್ದ. ಸಂಜೆ ಅಲ್ಲಿ ಕೂತರೆ ಅವನು ಸರಪಂಚನಂತೆ ಕಾಣುತ್ತಾನೆ ಎಂದು ಪ್ರಿಯದರ್ಶನಿ ಚೇಷ್ಟೆ ಮಾಡುತ್ತಿದ್ದಳು. ಅಭಿಜಿತ ಅದರ ಮೇಲೆ ಬೋರಲು ಮಲಗಿ ಕಲ್ಲಿಗೆ ಕಿವಿ ಹಚ್ಚಿದ.

"ಅಪ್ಪಾ, ಒಳಗ ಬುಸುಬುಸು ಅನ್ನಾಕತ್ತೈತಿ."

ಮಹಾವೀರ ಬಾಗಿಲು ಮುಚ್ಚಿ ಎಲ್ಲರನ್ನೂ ಒಳಗೆ ಕರೆದ. "ಯಾರೂ ಬಾಯಿ ಬಿಡಬ್ಯಾಡ್ರಿ. ಐತವಾರ ಸುಮ್ಮನ ಕಟ್ಟಿ ತಗದು ಪೈಪು ಹಾಕೂನು. ಫರಸಿ ಬದಲಿ ಮಾಡಾಕತ್ತೇವಿ ಅಂದ್ರಾತು."

"ಸುಮ್ಮನ ಕಟ್ಟಿ ಒಡಿಯೂದು ಹೆಂಗ್ರಿ?" ಎಂದಳು ಪ್ರಿಯದರ್ಶನಿ. "ಹತೋಡಿಗೆ ದುಪ್ಪಟಿ ಹೊಚ್ಚತೀರೇನ?"

"ಸೋರೂ ನಳ ಅಂದ್ರ ಎರಡನೇ ಗುನ್ನೆ. ಮಳಿ ಬರೂತನಕ ನಳ ಇಲ್ಲ. ನೀನ ಚನ್ನವ್ವನ ಮನಿಯಿಂದ ಹೊರತೀಯೇನು?"

ಬ್ಯಾರಲ್ಲು, ಹಂಡೆ, ಐವರ ಬಟ್ಟೆ ಎಲ್ಲವೂ ಪ್ರಿಯದರ್ಶನಿಯ ಮುಖದ ಮೇಲೆ ಹಾದುಹೋದವು.

ಹೊರಗೆ ಸೀಟಿ ಕೇಳಿತು. ತಾತ್ಯಾಸಾಹೇಬ ಗಸ್ತಿಗೆ ಬಂದಿದ್ದ. ಶಾಲನ ಎದ್ದಳು.

"ಅವ್ವಾ, ಎಲ್ಲಿಗೆ?"

"ಪಾಪದ ನೀರು ಕಾಲಾಗ ಹರಿಯಾಕತ್ತೈತಿ. ಅದರ ಮ್ಯಾಲ ಕುಂತು ನಾ ಏನ ಸೋಸಲಿ?" ಬಾಗಿಲು ತೆರೆದವಳೇ ಕೂಗಿದಳು, "ತಾತ್ಯಾ! ಇಲ್ಲಿ ಬಾ. ನಮ್ಮ ನಳ ಸೋರತೈತಿ. ಬರಕೋ."

ತಾತ್ಯಾಸಾಹೇಬನ ಸೀಟಿ ಬಾಯಿಂದ ಬಿತ್ತು. ಹಿಡಿದರೂ ಒಪ್ಪದ ಮಂದಿಯನ್ನು ಕಂಡಿದ್ದ, ಕರೆದು ಒಪ್ಪುವವರನ್ನು ಕಂಡಿರಲಿಲ್ಲ.

"ಕಾಕೂ, ನಿಮಗ ಗೊತ್ತೈತಿಲ್ಲ? ಇದು ಎರಡನೇದು."

"ಮೊದಲನೇದು ನೀ ತಪ್ಪು ತಿಳಕೊಂಡು ಬರದೀ. ಮನಾಲಿ, ಹೇಳ ಇವಗ."

ಮನಾಲಿ ಜೀವಾಣಿ ಎಂದರೇನು, ಜಿವಾಣೂ ಎಂದರೇನು ಎಂದು ಹೇಳಿದಳು. ತಾತ್ಯಾಸಾಹೇಬನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಹೊಟ್ಟೆ ಹಿಡಿದುಕೊಂಡು ನಗುತ್ತ ಕಟ್ಟೆಯ ಮೇಲೆ ಕೂತ.

"ಅಂದ್ರ ಉಳಸಾಕ ಒಯ್ತಿದ್ದ, ನಾ ಕೊಲ್ಲಾಕ ಅಂತ ತಿಳಕೊಂಡೆ!"

"ಏಳು ಅಲ್ಲಿಂದ," ಎಂದಳು ಶಾಲನ. "ನಿನ್ನ ಕೆಳಗನ ಸೋರಾಕತ್ತೈತಿ."

ಅವನು ಜಿಗಿದೆದ್ದ. ತಲೆ ಕೆರೆದುಕೊಂಡ. "ಕ್ಯಾನಿನ ಮಾತು ಬ್ಯಾರೆ, ಆ ನೋಟೀಸು ರದ್ದು. ನಾ ದಿನಾ ಹೊಳಿ ಪಂಪಿಗೆ ಹೋಗ್ತೇನಿ, ಪಂಚಾಯ್ತಿ ಗಾಡ್ಯಾಗ ಇಡ್ರಿ. ಪಂಚಾಯ್ತಿ ನೀರು ಪಂಚಾಯ್ತಿ ಗಾಡ್ಯಾಗ ಹೋದ್ರ ಅದು ಸಾಗಣೆ ಅಲ್ಲ. ಆದ್ರ ಸೋರಿಕೆ ಸೋರಿಕೆನ. ಮುಂದಿನ ನೀರು ಬರೂದ್ರಾಗ ದುರಸ್ತಿ ಆಗಬೇಕು. ಆವತ್ತು ನಾ ಎಲ್ಲಾರ ಮುಂದ ನೋಡ್ತೇನಿ. ಸೋರಿದ್ರ ನಳ ಕಟ್. ಆಮ್ಯಾಲ ಕಾಕೂ ಅಂದ್ರೂ ಇಲ್ಲ, ಮಾಮಾ ಅಂದ್ರೂ ಇಲ್ಲ."

*

ಕಟ್ಟೆಗೆ ಮೊದಲ ಪೆಟ್ಟು ಹಾಕಿದವನು ಮಹಾವೀರನೇ. ಕೂಲಿಯವನ ಕೈಯಿಂದ ಹತೋಡಿ ಕಸಿದುಕೊಂಡು, "ನಾ ಕಟ್ಟಿಸೇನಿ, ನಾನ ಒಡಿತೇನಿ," ಎಂದ. ಅರ್ಧ ಓಣಿ ನೋಡಲು ನಿಂತಿತ್ತು. ಕಡಪಾ ಕಲ್ಲು ಸೀಳಿದಾಗ ಚನ್ನವ್ವ, "ಪಾಪ, ಭಾಳ ಚಂದ ಇತ್ತು," ಎಂದಳು. "ನಿಮ್ಮ ಎಮ್ಮಿ ಕಟ್ಟಾಕ ಒಂದು ಕಲ್ಲು ಒಯ್ರಿ," ಎಂದಳು ಪ್ರಿಯದರ್ಶನಿ. ಒಳಗಿಂದ ಚಹ ಮೇಲೆ ಚಹ ಬಂತು, ಮಧ್ಯಾಹ್ನ ಅವಲಕ್ಕಿ ಬಂತು, ಮಗ್ಗಗಳು ಅಂದು ಬಂದ್.

ಸಿಮೆಂಟಿನ ಹಾಸು ಪೈಪಿನ ಮೇಲೆಯೇ ಕೂತಿತ್ತು. ಭಾರಕ್ಕೆ ಪೈಪು ಚಪ್ಪಟೆಯಾಗಿ, ಬದಿಯಲ್ಲಿ ಹೆಬ್ಬೆರಳು ತೂರುವಷ್ಟು ಬಿರಿದಿತ್ತು. ಅದು ಮುಳುಗಿದ್ದದ್ದು ಕರಿ ಗಟಾರದಲ್ಲಿ.

ಅಭಿಜಿತ ಬಗ್ಗಿ ನೋಡಿದ. "ನಾವು ಇದನ್ನ ಕುಡದೇವೇನ?"

"ಆಯಿ ಸೋಸಿ ಕುದಿಸಿ ಕೊಟ್ಟಾಳ, ಅದಕ್ಕ ನಿಂತೀ," ಎಂದಳು ಮನಾಲಿ.

ಮಹಾವೀರ ತಾಯಿಯ ಮುಖ ನೋಡಲಿಲ್ಲ. ಗಟಾರದಲ್ಲಿ ಮೊಳಕಾಲುದ್ದ ಇಳಿದು ಒಡೆದ ಪೈಪನ್ನು ತಾನೇ ಎತ್ತಿದ. ಹೊಸ ಪೈಪು ಗಟಾರಕ್ಕಿಂತ ಮೇಲೆ, ಎಲ್ಲರ ಕಣ್ಣಿಗೆ ಕಾಣುವಂತೆ ಬಂತು.

ನೀರಿನ ದಿನ ಬೆಳಕು ಹರಿಯುವ ಮೊದಲೇ ತಾತ್ಯಾಸಾಹೇಬ ಬಂದ. ಪೈಪಿನ ಹೊಸ ಜೋಡಣೆಯ ಕೆಳಗೆ ಪ್ರಿಯದರ್ಶನಿ ಒಂದು ಸ್ಟೀಲಿನ ಬಟ್ಟಲನ್ನು ಒರೆಸಿ ಇಟ್ಟಳು. ಶಾಲನ ಒಳಗೆ ಹೋಗದೆ ಹೊಸ್ತಿಲಲ್ಲೇ ಕೂತಳು. ಅವಳ ಟ್ರಂಕು ಇನ್ನೂ ಕಪಾಟಿಗೆ ಹೋಗಿರಲಿಲ್ಲ. ಮಹಾವೀರ ಮತ್ತೆ ಮತ್ತೆ ಅದರ ಕಡೆ ನೋಡುತ್ತಿದ್ದ.

ನೀರು ಬಂತು. ಪೈಪು ನಡುಗಿತು. ಯಾರೋ "ಹಿಡೀತು" ಎಂದರು, ಯಾರೋ "ಸುಮ್ಮನಿರ್ರಿ" ಎಂದರು. ತಾತ್ಯಾಸಾಹೇಬ ಕಟ್ಟೆ ಒಡೆದ ಗುಂಡಿಯ ಮೇಲೆ ಪೂರ್ತಿ ಬಗ್ಗಿ, ಕಣ್ಣು ಮಿಟುಕಿಸದೆ ಜೋಡಣೆಯನ್ನೇ ನೋಡಿದ. ಒಳಗೆ ಬ್ಯಾರಲ್ಲು ತುಂಬಿ ಹಂಡೆ ತುಂಬಿತು. ಕೊನೆಗೆ ಅವನು ಬಟ್ಟಲೆತ್ತಿ ಬೆಳಕಿಗೆ ಹಿಡಿದ.

"ಕಾಕೂ," ಎಂದ. ಅವನ ದನಿ ಇಳಿದಿತ್ತು. "ನೀರು ಐತಿ."

ಪ್ರಿಯದರ್ಶನಿ ಬಾಯಿಗೆ ಸೆರಗು ಒತ್ತಿಕೊಂಡಳು. ಬಟ್ಟಲ ತಳದಲ್ಲಿ ನಾಲ್ಕು ಹನಿ ಹೊಳೆಯುತ್ತಿದ್ದವು. ಮನಾಲಿ ಜೋಡಣೆಯನ್ನು ಬೆರಳಿನಿಂದ ಸವರಿದಳು. "ಒಣಗೇತಿ. ಜೋಡಣಿ ಒಣಗೇತಿ, ಅಪ್ಪಾ!"

"ಒಣಗಿದ್ರ ಹನಿ ಆಕಾಶದಿಂದ ಬಿದ್ದಾವೇನು?" ಎಂದ ತಾತ್ಯಾಸಾಹೇಬ.

ಶಾಲನ ಹೊಸ್ತಿಲಿಂದ ಎದ್ದು ಬಂದು ಅವನ ಮುಖವನ್ನೇ ನೋಡಿದಳು.

"ತಾತ್ಯಾ, ನಾಲಿಗಿ ಹಚ್ಚಿ ನೋಡು. ಉಪ್ಪು ಐತೇನ?"

"ಯಾಕ?"

"ಬಂದಾಗಿಂದ ಬಟ್ಟಲ ಮ್ಯಾಲ ಬಗ್ಗಿ ನಿಂತೀ. ನಿನ್ನ ಮೂಗಿನ ತುದಿಯಿಂದ ಬೆವರು ಸೋರಾಕತ್ತೈತಿ, ನಮ್ಮ ನಳದಿಂದ ಅಲ್ಲ."

ತಾತ್ಯಾಸಾಹೇಬ ಮೂಗು ಮುಟ್ಟಿಕೊಂಡ. ಬೆರಳು ಒದ್ದೆಯಾಯಿತು. ಓಣಿ ಒಮ್ಮೆಲೇ ಸ್ಫೋಟಿಸಿತು. ಚನ್ನವ್ವ ಗೋಡೆ ಹಿಡಿದು ನಕ್ಕಳು. "ಅವನ ನಳ ಕಟ್ ಮಾಡ್ರಿ!" ಎಂದು ಯಾರೋ ಕೂಗಿದರು. ಮಹಾವೀರನಂತೂ ತಾಯಿಯ ಎರಡೂ ಕೈ ಹಿಡಿದುಕೊಂಡು ನಗುತ್ತಲೇ ಇದ್ದ. ಬಿಟ್ಟರೆ ಬಸ್ಸು ಹತ್ತಿಬಿಡುತ್ತಾಳೆ ಎನ್ನುವಂತೆ ಹಿಡಿದಿದ್ದ.

ಆದರೂ ನಿಯಮ ನಿಯಮವೇ ಎಂದ ತಾತ್ಯಾಸಾಹೇಬ. ಮುಖ ಒರೆಸಿಕೊಂಡ, ಬಟ್ಟಲನ್ನು ಒಣಬಟ್ಟೆಯಿಂದ ಒರೆಸಿಸಿ ಮತ್ತೆ ಇಟ್ಟ, ತಾನು ಮೂರು ಮಾರು ದೂರ ಸರಿದು ಚನ್ನವ್ವನ ಬಾಗಿಲಲ್ಲಿ ನಿಂತ. ನೀರು ಬಂದ್ ಆಗುವ ತನಕ ಯಾರೂ ಗುಂಡಿಯ ಹತ್ತಿರ ಹೋಗಲಿಲ್ಲ. ಆಮೇಲೆ ಮನಾಲಿ ಬಟ್ಟಲಿಗೆ ಸೂಜಿಯಿಲ್ಲದ ಪಿಚಕಾರಿ ಇಟ್ಟು, ಇದ್ದಷ್ಟನ್ನೂ ಎಳೆದು, ಗೆರೆಗಳನ್ನು ಅವನಿಗೆ ತೋರಿಸಿದಳು. ಅವನು ರಸೀದಿ ಪುಸ್ತಕ ತೆಗೆದು ಮನೆಯ ಹೆಸರು ಬರೆದ, ಅದರ ಮುಂದೆ ಸೋರಿಕೆಯ ಅಳತೆ ಬರೆದ: ೦ ಮಿಲಿಲೀಟರ್.